ಮೊದಲ ಹೋಳಿಗೆಯ ಸೀನಿಯಾರಿಟಿ

ಗೆಳೆಯರೇ, ಅಕ್ಕನ ಗಂಡ ಪೈಲಟ್. ಅವರ ವಿಮಾನ ಕಂಪನಿ ಇನ್ನೊಂದರ ಜೊತೆ ವಿಲೀನವಾಗಿ, ಯಾರು ಸೀನಿಯರ್ ಎಂದು ಎರಡೂ ಯೂನಿಯನ್‌ಗಳು ಕಿತ್ತಾಡುತ್ತಿವೆ. ಇಂದು ಹಿರಿಯೂರಿನ ನಮ್ಮ ಮನೆಯಿಂದಲೇ ಭಾವ ಫೋನಿನಲ್ಲಿ ಗುಡುಗಿದರು: "ಮೊದ್ಲು ಸೇರಿದೋನೇ ಸೀನಿಯರ್! ಇಲ್ಲಾಂದ್ರೆ ನಾನು ಕ್ಯಾಪ್ಟನ್ ಆಗೋದು ಯಾವಾಗ?"

ಆಮೇಲೆ ಊಟ. ದೊಡ್ಡಳಿಯನೆಂದು ಅಮ್ಮ ಮೊದಲ ಹೋಳಿಗೆಯನ್ನು ಭಾವನಿಗೇ ತಂದರು. ಆದರೆ ಅಕ್ಕನಿಗಿಂತ ಮೊದಲು ಮದುವೆಯಾದವಳು ನನ್ನ ತಂಗಿ. ಅವಳ ಗಂಡ, ತೆಂಗಿನಕಾಯಿ ವ್ಯಾಪಾರದ ರುದ್ರೇಶ, ಕೈ ಅಡ್ಡ ಹಿಡಿದ.

"ಅಣ್ಣಾ, ಈ ಮನೆಗೆ ಮೊದ್ಲು ಸೇರಿದೋನು ನಾನು. ರೂಲ್ಸು ಈಗ ನೀವೇ ಹೇಳಿದ್ರಿ."

"ಲೇ, ಅದು ಕಂಪನಿ, ಇದು ಸಂಬಂಧ!"

"ಹಂಗಂತ ಆ ಯೂನಿಯನ್ನೋರಿಗೆ ಫೋನ್ ಮಾಡಿ ಹೇಳ್ಲಾ?"

"ಇಬ್ರೂ ಒಂದು ಒಪ್ಪಂದಕ್ಕೆ ಬರ್ರಿ, ಆಮೇಲೆ ಹಾಕ್ತೀನಿ" ಎಂದು ಅಮ್ಮ ಹೋಳಿಗೆಯನ್ನು ತುಪ್ಪದ ಸಮೇತ ನನ್ನ ಎಲೆಗೆ ಹಾಕಿದರು.

ಎರಡೂ ಕಡೆಯವರು ಪಟ್ಟು ಸಡಿಲಿಸದಿರಲಿ ಎಂದು ಮನಃಪೂರ್ವಕವಾಗಿ ಹಾರೈಸುತ್ತೇನೆ.