ಬರಿಗೈಯಲ್ಲಿ ಕಳಿಸಬಾರದೆಂದು ಕೊಟ್ಟ ರಕ್ತ

ಕಾಗವಾಡ ತಾಲ್ಲೂಕಿನ ಹಳ್ಳಿಗಳಲ್ಲಿ ಲಸಿಕೆ ಹಾಕಿಸಿಕೊಂಡವರ ಮನೆಗಳಿಗೆ ಆರು ತಿಂಗಳಿಗೊಮ್ಮೆ ಹೋಗಿ, ಅದರ ಶಕ್ತಿ ಮೈಯಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ರಕ್ತದ ಮಾದರಿ ತರುತ್ತಿದ್ದೆವು. ಸೂಜಿ ನರ್ಸಿನದು, ಬರವಣಿಗೆ ನನ್ನದು. ಹೆಸರುಗಳು ನಮ್ಮ ಕಚೇರಿಯ ಕಪಾಟಿನಲ್ಲೇ ಉಳಿಯುತ್ತಿದ್ದವು. ಒಬ್ಬೊಬ್ಬರಿಗೂ ಕೊಟ್ಟ ನಂಬರು ಮತ್ತು ರಕ್ತದ ವರದಿ ಮಾತ್ರ ಬೇರೆ ಊರುಗಳಲ್ಲಿ ಲಸಿಕೆ ತಯಾರಿಸುವವರಿಗೆ ಹೋಗುತ್ತಿದ್ದವು.

ಅಂಥ ಒಂದು ಮನೆಯಲ್ಲಿ ಕಿರಿಸೊಸೆಯ ಮಾದರಿ ಬೇಕಿತ್ತು. ಮಧ್ಯಾಹ್ನದ ಬಿಸಿಲು. ಅತ್ತೆ ತಂಬಿಗೆ ನೀರು, ಬೆಲ್ಲದ ತುಂಡು ತಂದಿಟ್ಟು ಒಳಗೆ ಹೋದರು. ಸೆರಗು ಹೊದ್ದ ಹೆಣ್ಣುಮಗಳೊಬ್ಬಳು ಬಂದು ತೋಳು ಚಾಚಿದಳು. ಹಿಂದಿನ ಸಲ ಕಿರಿಯವಳನ್ನು ನಾನು ಕಂಡಿದ್ದು ಮಾಸ್ಕಿನಲ್ಲಿ.

"ಹೋದ ಸಲ ಕೊಟ್ಟಾರು ನೀವ ಅಲ್ಲೇನ್ರಿ?" ಎಂದೆ.

"ಹ್ಞೂನ್ರಿ."

ಗುರುತಿನ ಚೀಟಿ ನೋಡದೆಯೇ 'ನೋಡಿದೆ' ಎಂಬ ಚೌಕದಲ್ಲಿ ಟಿಕ್ ಹಾಕಿದೆ.

ವಾರದ ಮೇಲೆ ಆರೋಗ್ಯ ವಿಚಾರಿಸಲು ಕಿರಿಯವಳ ಮೊಬೈಲಿಗೆ ಫೋನ್ ಮಾಡಿದರೆ, "ಯಾವ ರಕ್ತರಿ, ಅಕ್ಕಾರ? ನಾ ಚಿಂಚಲ್ಯಾಗ ತವರಮನ್ಯಾಗ ಅದೀನಿ. ಬಂದ ಹದಿನೈದ ದಿನ ಆತು" ಎಂದಳು.

ಮರುದಿನವೇ ಆ ವರದಿ ಲಸಿಕೆ ತಯಾರಿಸುವವರಿಗೆಲ್ಲ ಹೋಗುವುದಿತ್ತು. ತಕ್ಷಣ ಆ ಮನೆಗೆ ಹೋದೆ.

"ಬಿಸಲಾಗ ಅಷ್ಟ ದೂರಿಂದ ಬಂದಿದ್ರಿ. ಬರಿಗೈಲೆ ಹೆಂಗ ಕಳಸೂದು?" ಎಂದರು ಅತ್ತೆ, ಸಂಕೋಚವೇ ಇಲ್ಲದೆ. "ಸಣ್ಣಾಕಿ ಇಲ್ಲಂದ್ರ ದೊಡ್ಡಾಕಿ. ಒಂದ ಒಲಿ ರೊಟ್ಟಿ ತಿಂದ ರಕ್ತ ಅಲ್ಲೇನ?"

"ಒಲಿ ಒಂದಾದ್ರ ಏನಾತು ಆಯಿ, ಹಾಕ್ಕೊಂಡ ಲಸಿಕಿ ಬ್ಯಾರೆ ಬ್ಯಾರೆ ಅಲ್ಲೇನ್ರಿ?"

ಹಿರಿಸೊಸೆ ಮಿರಜಿನಲ್ಲಿ ಬೇರೊಂದು ಲಸಿಕೆ ಹಾಕಿಸಿಕೊಂಡಿದ್ದಳು. ಅವಳ ರಕ್ತದ ವರದಿ ಕಿರಿಯವಳ ನಂಬರಿನಲ್ಲಿ ಹೋದರೆ, ಎಲ್ಲೋ ಕುಳಿತವರು ಅದನ್ನೇ ನಂಬಿ ಮುಂದಿನ ಡೋಸು ಯಾವಾಗ ಬೇಕೆಂದು ನಿರ್ಧರಿಸುತ್ತಾರೆ ಎಂದು ತಿಳಿಸಿ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಹಿರಿಸೊಸೆಯ ಮುಖ ಇಳಿದಿತ್ತು.

"ಅತ್ತಿ ಅಂದ್ರು, ನಾ ಕೈ ಚಾಚಿದ್ನಿ. ನನ್ನ ಮ್ಯಾಲ ಕೇಸ ಆಕ್ಕೈತೇನ್ರಿ?"

"ಇಲ್ಲವ್ವಾ. ಚೀಟಿ ನೋಡದ ಟಿಕ್ ಹಾಕಿದಾಕಿ ನಾನು."

ಅವಳೆದುರೇ ಮೇಲಧಿಕಾರಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಆ ಕಡೆ ಒಂದು ನಿಟ್ಟುಸಿರು. "ಇವತ್ತ ಹೇಳಿದ್ರಿ, ಚಲೋ ಆತು. ವರದಿಯಾಗಿನ ಆ ಸಾಲು ತಗಸ್ತೀನಿ. ನಿಮ್ಮ ತಪ್ಪ ನೀವ ಬರದ ಕೊಡ್ರಿ. ಆ ಹೆಣ್ಣಮಗಳ ಒಪ್ಪಿಗಿ ಪತ್ರ ಇಲ್ಲದ ತಗೊಂಡ ರಕ್ತ ಇಟ್ಕೊಳ್ಳಾಕ ಬರೂದಿಲ್ಲ. ನಾಶ ಮಾಡಾಕ ಸಹಿ ತಗೊಂಡ ಬರ್ರಿ."

ಚೀಲದಲ್ಲಿದ್ದ ನಮೂನೆಯ ಕಾಗದ ಚಾಚಿದೆ. ಅವಳು ಪೆನ್ನು ಹಿಡಿದವಳು ಬರೆಯಲಿಲ್ಲ. "ನಂದ ಚೆಲ್ಲತೀರಿ ಅಂದ್ರ, ಅದರಾಗ ಶಕ್ತಿ ಎಷ್ಟಿತ್ತು ಅನ್ನೂದನ್ನರ ಹೇಳ್ರಿ."

ವರದಿ ಬಂದಿತ್ತು. ಆದರೆ ಅದು ಅವಳದೆಂದು ಹೇಳುವ ಒಂದು ಕಾಗದವೂ ನಮ್ಮಲ್ಲಿರಲಿಲ್ಲ. "ಹೇಳಾಕ ಬರೂದಿಲ್ಲವ್ವಾ" ಎಂದೆ. ನನ್ನ ದನಿ ನನಗೇ ಬೇಸರ ತರಿಸಿತು.

"ಇರ್ಲಿ ಬಿಡ್ರಿ" ಎಂದು ಅವಳು ಗೋಡೆಗೆ ಕಾಗದ ಒತ್ತಿ ಬರೆಯತೊಡಗಿದಳು. ತನ್ನ ಹೆಸರು, ಗಂಡನ ಹೆಸರು, ಮನೆತನದ ಹೆಸರು. ಸಹಿಯ ಚೌಕ ಸಾಲದೆ ಅಕ್ಷರಗಳು ಅಂಚಿನವರೆಗೂ ಹೋದವು. ಮುಗಿಯುವವರೆಗೂ ಕಾಗದದ ತುದಿಯನ್ನು ನಾನೇ ಹಿಡಿದುಕೊಂಡು ನಿಂತೆ.