ಹಿಂದೆ ಗುಂಡಿಯ ಕುಬಸ

ಎಷ್ಟು ಒಗೆದರೂ ಬಟ್ಟೆಗೆ ಹತ್ತಿದ ತಾಯಿಹಾಲಿನ ಹುಳಿ ವಾಸನೆ ಪೂರ್ತಿ ಹೋಗುವುದಿಲ್ಲ. ಹೋದ ತಿಂಗಳು ಒಂದು ಸೋಮವಾರ ಮೊಮ್ಮಗಳು, ಕೂಸಿಗೆ ಹಾಲು ಕುಡಿಸುವಾಗ ತೊಡುತ್ತಿದ್ದ ಬ್ರಾಗಳನ್ನೆಲ್ಲ ಕಪಾಟಿನಿಂದ ತೆಗೆದು ನನ್ನ ಮುಂದೆ ಗುಡ್ಡೆ ಹಾಕಿದಳು. "ಅಜ್ಜಿ, ಕೂಸಿಗಿ ಹಾಲ ಬಿಡಿಸೇನಿ. ಇನ್ನ ಇವು ಬ್ಯಾಡ," ಅಂದಳು. ಅರಭಾವಿಯ ಕಾಲೇಜಿನಲ್ಲಿ ಕಲಿಸುವ ಹುಡುಗಿ. ಅವಳು ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಅವಳನ್ನು ಯಾರೂ ಯಾಕೆ ಎನ್ನಲಿಲ್ಲ. ಒಂದನ್ನು ಎತ್ತಿ ಮೂಸಿ ನೋಡಿದೆ. ಅರವತ್ತು ವರ್ಷಕ್ಕೂ ಹಿಂದಿನ ಸಿಟ್ಟು ಮತ್ತೆ ಎದ್ದಿತು.

ತುಕ್ಕಾನಟ್ಟಿಗೆ ನಾನು ಸೊಸೆಯಾಗಿ ಬಂದಾಗ ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ನಮ್ಮ ಓಣಿಯ ಹೆಂಗಸರಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಬಾಜೂ ಮನೆಯಲ್ಲಿ ಒಬ್ಬ ಅಕ್ಕ ಇದ್ದಳು. ನಾಲ್ಕು ಹೆಣ್ಣು ಹಡೆದವಳು. ನಾಲ್ಕನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಳು. "ಇನ್ನೊಂದ ಬಸುರ ಈಕಿ ತಡಿಯಾಂಗಿಲ್ಲ," ಎಂದು ಸೂಲಗಿತ್ತಿ ಅವಳ ಅತ್ತೆಯ ಎದುರಿಗೇ ಹೇಳಿದ್ದಳು. ಆ ಅತ್ತೆಯನ್ನು ಓಣಿಯವರೆಲ್ಲ ಆಯಿ ಎನ್ನುತ್ತಿದ್ದೆವು. ಆಯಿ ಕೇಳಿಸಿಕೊಂಡಿದ್ದಳು. ಅಕ್ಕನ ಗಂಡನೂ ಕೇಳಿಸಿಕೊಂಡಿದ್ದ.

ಆಗ ಹಾಲೂಡುವ ಹೆಂಗಸರು ತೊಡುತ್ತಿದ್ದುದು ಗಂಟು ಕುಬಸ. ಎದೆಯ ಕೆಳಗೆ ಎರಡು ತುದಿ ಸೇರಿಸಿ ಗಂಟು ಹಾಕುವುದು, ಕೂಸು ಅತ್ತಾಗ ಬಿಚ್ಚುವುದು. ಕೂಸು ಮೊಲೆ ಬಿಟ್ಟ ಮೇಲೆ ಪ್ರಾಯದ ಸೊಸೆಯಂದಿರು ಗೋಕಾಕದ ಪೇಟೆಯಲ್ಲಿ ಕಂಡ ಹೊಸ ನಮೂನೆಯಂತೆ, ಹಿಂದೆ ಗುಂಡಿ ಇರುವ, ಹಾಲೂಡಲು ಬಾರದ ಕುಬಸ ಹೊಲಿಸಿಕೊಂಡು ಹಿಗ್ಗುತ್ತಿದ್ದರು. ಅಕ್ಕ ಮಾತ್ರ ಗಂಟು ಬಿಡಲಿಲ್ಲ. ಮೊಲೆಗೂಸು ಇರುವತನಕ ಗಂಡ ಹತ್ತಿರ ಮಲಗಿದರೆ ಹಾಲು ಕೆಡುತ್ತದೆ ಎಂಬ ನಂಬಿಕೆ ಇತ್ತು. ಹಾಗಾಗಿ ಅವನ ಹಾಸಿಗೆ ಪಡಸಾಲೆಯಲ್ಲಿತ್ತು. ಸಣ್ಣ ಮಗಳಿಗೆ ನಾಲ್ಕು ತುಂಬುತ್ತ ಬಂದರೂ ಅಕ್ಕ ದಿನಕ್ಕೆರಡು ಸಲ, ಆಯಿಗೆ ಕಾಣುವಂತೆ ಹೊಸ್ತಿಲ ಬಳಿ ಕೂತು, ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಸೆರಗು ಮುಚ್ಚುತ್ತಿದ್ದಳು.

ಒಂದು ದಿನ ನಾನು ಚೇಷ್ಟೆ ಮಾಡಿದೆ. ಇಷ್ಟು ದೊಡ್ಡವಳು ಇನ್ನೂ ಹಾಲು ಕುಡಿಯುತ್ತಾಳಲ್ಲ ಎಂದೆ. ಅಕ್ಕ ಅತ್ತಿತ್ತ ನೋಡಿ ಸೆರಗು ಸರಿಸಿದಳು. ಹುಡುಗಿಯ ಬಾಯಲ್ಲಿ ಬೆಲ್ಲದ ಚೂರು. "ಹಾಲ ಬತ್ತಿ ಒಂದ ವರ್ಷ ಆತು ತಂಗಿ," ಅಂದಳು. "ಈ ಗಂಟ ಇರೂತನಕ ನಾ ಇರತೇನಿ."

ಆ ಮಾತು ನನಗೆ ಅರ್ಥವಾಗಿತ್ತು... ಆಗಲಿಲ್ಲ ಎಂದು ಈಗ ಹೇಳಿದರೆ ಅದು ಸುಳ್ಳು.

ಬೆಲ್ಲ ಆಯಿಯ ಕಣ್ಣಿಗೂ ಬಿತ್ತು. ಬೈಯಲಿಲ್ಲ, ಹೊಡೆಯಲಿಲ್ಲ. ಸಂತೆಯ ದಿನ ಗೋಕಾಕಕ್ಕೆ ಹೋಗಿ ಚಂದನೆಯ ಒಂದು ಖಣ ತಂದು ನನ್ನ ಮುಂದೆ ಇಟ್ಟಳು. ತವರಿನಿಂದ ಹೊಲಿಗೆ ಮಷೀನು ತಂದ ಸೊಸೆ ಓಣಿಯಲ್ಲಿ ನಾನೊಬ್ಬಳೇ. "ನಮ್ಮ ಸೊಸಿಗಿ ಹಿಂದ ಗುಂಡಿ ಇಟ್ಟ ಹೊಲದ ಕೊಡ ಮಗಳ. ಗುಂಡಿ ಗಟ್ಟಿ ಹಚ್ಚ," ಅಂದಳು.

ಒಂದು ಖಣದಲ್ಲಿ ಒಂದೇ ಕುಬಸ ಬರುತ್ತದೆ. ಕತ್ತರಿ ಬೇಕೆಂದೇ ತಪ್ಪಿದ್ದರೆ ಇನ್ನೊಂದು ಸಂತೆಯವರೆಗಾದರೂ ಅಕ್ಕನಿಗೆ ದಿನ ಸಿಗುತ್ತಿದ್ದವು. ಮೈಯಲ್ಲಿ ಹುಷಾರಿಲ್ಲ ಎನ್ನಬಹುದಿತ್ತು, ಸೂಜಿ ಮುರಿಯಿತು ಎನ್ನಬಹುದಿತ್ತು. ಹಿರಿಯರಿಗೆ ಎದುರಾಡಬಾರದೆಂದು ಕಲಿತು ಬಂದ ಮೂಳಿ ನಾನು, ಹೊಲಿದೆ. ಅಳತೆಗೆ ನಿಂತಾಗ ಅಕ್ಕ ಎರಡೂ ಕೈ ಎತ್ತಿದಳು. ಕುಬಸ ಮೈಗೆ ಸರಿಯಾಗಿ ಕೂತಾಗ, ಹೇಳಲು ನಾಚಿಕೆಯಾಗುತ್ತದೆ, ನನ್ನ ಕೈಕೆಲಸಕ್ಕೆ ನಾನೇ ಹಿಗ್ಗಿದೆ. ಹಳೆಯ ಗಂಟು ಕುಬಸಗಳನ್ನೆಲ್ಲ ಆಯಿ ಹರಿದು ನೆಲ ಒರೆಸುವ ಅರಿವೆ ಮಾಡಿದಳು. ಅದೇ ವಾರ ಪಡಸಾಲೆಯ ಹಾಸಿಗೆ ಒಳಗೆ ಹೋಯಿತು.

ವರ್ಷ ತುಂಬುವಷ್ಟರಲ್ಲಿ ಹೆರಿಗೆ. ದವಾಖಾನೆಗೆ ಒಯ್ಯಲು ಚಕ್ಕಡಿ ಕಟ್ಟಿದರು. ಊರು ದಾಟುವಷ್ಟರಲ್ಲಿ ಮುಗಿದಿತ್ತು. ಕೂಸು ಗಂಡು, ಉಳಿಯಿತು. ಮುತ್ತೈದೆ ಸಾವು, ಪುಣ್ಯವಂತೆ ಎಂದು ಹೆಂಗಸರೆಲ್ಲ ಹಣೆಗೆ ಕುಂಕುಮ ಬಡಿದು ಬಂದರು. ಎಂಥ ಪುಣ್ಯವೋ, ಅವರ ಬಾಯಿಗೆ ಮಣ್ಣು ಹಾಕಬೇಕು ಅನಿಸಿತ್ತು. ಗಂಡಸಿಗೇಕೆ ಗೌರಿ ದುಃಖ. ಅವನು ವರ್ಷದೊಳಗೆ ಮತ್ತೆ ಬಾಸಿಂಗ ಕಟ್ಟಿಕೊಂಡ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಈ ಸೊಸೆಗೆ ಆ ಕಾಲ ಬರಲೇ ಇಲ್ಲ.

ಅಕ್ಕ ಸತ್ತ ಮಾರನೆಯ ದಿನ ಆಯಿ ಕೂಸನ್ನು ತಂದು ನನ್ನ ಮಡಿಲಿಗೆ ಚಾಚಿದಳು. ನಾನು ನನ್ನ ಮಗಳಿಗೆ ಹಾಲು ಬಿಡಿಸುವುದರಲ್ಲಿದ್ದೆ. ಕದ ಮುಚ್ಚಬೇಕೆಂದುಕೊಂಡೆ. ಅಷ್ಟರಲ್ಲಿ ಕೂಸು ಅತ್ತಿತು, ನನ್ನ ಎದೆ ತಾನಾಗಿ ತೊಯ್ದಿತು. ಸಿಟ್ಟು ನನ್ನ ಕೈಯಲ್ಲಿತ್ತು, ಹಾಲು ನನ್ನ ಕೈಯಲ್ಲಿರಲಿಲ್ಲ. ಮುಂದೆ ಎರಡು ವರ್ಷ ಅವನಿಗಾಗಿ ನಾನು ಗಂಟು ಕುಬಸದಲ್ಲೇ ಇದ್ದೆ.

ಅವನಿಗೆ ಈಗ ಅರವತ್ತು ದಾಟಿದೆ. ಗೋಕಾಕದಲ್ಲಿ ಅಂಗಡಿ ಇದೆ. ಅಲ್ಲಿ ಆಯಿಯ ಫೋಟೊಕ್ಕೆ ದಿನವೂ ಹಾರ. ತಾಯಿಯದು ಫೋಟೊ ಇಲ್ಲ, ಯಾರೂ ತೆಗೆಸಿರಲಿಲ್ಲ... ಅವನು ನನ್ನನ್ನು ಅವ್ವ ಎನ್ನುತ್ತಾನೆ, ಸೋಮವಾರ ತಪ್ಪದೆ ಬರುತ್ತಿದ್ದ. ಆ ಸೋಮವಾರವೂ ಬಂದ. ಚಹಾ ಕುಡಿಯುತ್ತ, ಯಾವಾಗಿನಂತೆ, "ನಮ್ಮ ಆಯಿ ಇರದಿದ್ರ ನಾ ಉಳೀತಿದ್ದಿಲ್ಲ ಬಿಡವ್ವಾ. ನಮ್ಮವ್ವನ ಹಣೇಬರಹನ ಅಷ್ಟಿತ್ತು," ಅಂದ.

ನನಗೆ ತಡೆಯಲಾಗಲಿಲ್ಲ. "ಹಣೇಬರಹ ಅಲ್ಲ. ನಿಮ್ಮ ಆಯಿ ಖಣ ತಂದ್ಲು, ನಾ ಹೊಲದೆ," ಅಂದೆ. ಸೂಲಗಿತ್ತಿಯ ಮಾತು, ಬೆಲ್ಲ, ಗುಂಡಿ, ಎಲ್ಲ ಹೇಳಿದೆ. ಎಂಬತ್ತು ದಾಟಿದ ಮುದುಕಿಯ ಧ್ವನಿ ನಡುಮನೆಯಲ್ಲಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಮೊಮ್ಮಗಳಿಗೂ ಹೊಸದು.

ಅವನು ಚಹಾದ ಕಪ್ಪು ಕೆಳಗಿಟ್ಟ. ಆಮೇಲೆ ಕೇಳಿದ, "ಹಂಗಾರ ನಮ್ಮವ್ವಗ ನಾ ಬ್ಯಾಡಾಗಿದ್ದೇನು?"

"ಆಕಿ ಸಾಯಾಕ ಒಲ್ಲೆ ಅಂದಿದ್ಲಪಾ," ಅಂದೆ. "ಅಷ್ಟ."

ಟೋಪಿ ಹಾಕಿಕೊಂಡು ಎದ್ದು ಹೋದ. ಆಮೇಲೆ ನಾಲ್ಕು ಸೋಮವಾರ ಕಳೆದವು. ಬಂದಿಲ್ಲ.