ಹೆದ್ದಾರಿಯ ಆಚೆ ಕಡಲು

ಹೆದ್ದಾರಿಗೆ ಹೆದರಿಯೇ ನಾವಿಬ್ಬರು ಗೆಳೆಯರು ಸೈಕಲ್ಲಿಗೆ ಮಣ್ಣಿನ ದಾರಿ ಹಿಡಿದವರು. ಕಾರ್ಕಳದಿಂದ ಕಾಪುವಿನ ಕಡಲಿಗೆ, ಬೆಳ್ಮಣ್ಣಿನ ಗದ್ದೆಗಳ ಬದಿಯಲ್ಲಿ, ಕೆಂಪುಕಲ್ಲಿನ ಕೋರೆಗಳ ಪಕ್ಕದಲ್ಲಿ ಗೆಳೆಯನೇ ಹುಡುಕಿ ಜೋಡಿಸಿದ ದಾರಿ ಅದು. ಆದರೆ ಕಡಲಿರುವುದು ಹೆದ್ದಾರಿಯ ಆಚೆ. ಎಷ್ಟು ಸುತ್ತಿದರೂ ಕೊನೆಗೊಮ್ಮೆ ಅದನ್ನು ದಾಟಲೇಬೇಕು.

ಕಳೆದ ವರ್ಷ ಕಾಪುವಿನಲ್ಲಿ ಹಾಗೆ ದಾಟುವಾಗ, ವಿರುದ್ಧ ದಿಕ್ಕಿನಲ್ಲಿ ನುಗ್ಗಿ ಬಂದ ಲಾರಿ ಅವನಿಗೆ ಬಡಿಯಿತು. ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡೇ ಹೋಗುತ್ತಿದ್ದ ಪುಣ್ಯಾತ್ಮ. ಅಷ್ಟು ಜಾಗ್ರತೆ ಮಾಡಿ ಸಿಕ್ಕಿದ್ದೇನು?

ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲ ಮುಗಿಯಿತೆಂದ ಮೇಲೆ, ಅವನ ಜೇಬಿನಲ್ಲಿದ್ದ ಫೋನನ್ನು ನರ್ಸ್ ಅವನ ಹೆಂಡತಿಯ ಕೈಗೆ ಕೊಟ್ಟರು. ಸವಾರಿ ದಾಖಲಿಸುವ ಆ್ಯಪ್ ಇನ್ನೂ ಚಾಲೂ ಇತ್ತು.

"ಇದು ಇನ್ನೂ ಓಡ್ತಾ ಉಂಟಲ್ಲ ಅಣ್ಣಾ, ಎಂತ ಮಾಡುವುದು?" ಎಂದು ಅವಳು ಅದನ್ನು ನನ್ನತ್ತ ಚಾಚಿದಳು.

ನಕ್ಷೆಯಲ್ಲಿ ಅಂಕುಡೊಂಕಾಗಿ ಬಂದ ಗೆರೆ ಕಾಪುವಿನಲ್ಲಿ ಹೆದ್ದಾರಿ ಹತ್ತಿ, ಆಂಬುಲೆನ್ಸ್ ಓಡಿದ ಹಾಗೆಯೇ, ಉಡುಪಿಯ ಕಡೆಗೆ ನೆಟ್ಟಗೆ ಓಡಿತ್ತು. ನಾನು 'ಮುಗಿಸಿ' ಎಂಬುದನ್ನು ಒತ್ತಿದೆ.

"ಅಭಿನಂದನೆಗಳು! ಇದು ನಿಮ್ಮ ಈವರೆಗಿನ ಅತಿ ವೇಗದ ಸವಾರಿ" ಎಂದು ಪರದೆಯ ಮೇಲೆ ಮೂಡಿತು. ಅವಳೂ ಓದಿದಳು.